ಸಿಸ್ಟರ್ ಹೊರಟರು ಶಿಬಿರಕ್ಕೆ!

ನಿಮ್ಮ ಮನೆಯಲ್ಲೋ ನೆಂಟರಿಷ್ಟರಲ್ಲೋ ಒಬ್ಬ ನರ್ಸ್ ಇದ್ದಾಳೆಯೇ? ಮಗಳು, ಸೊಸೆ, ತಂಗಿ... ಅಥವಾ ಮದುವೆಗೆ ಮುಂಚೆ ನೀವೇ ನರ್ಸಿಂಗ್ ಓದಿ ನಾಲ್ಕು ವರ್ಷ ವಾರ್ಡಿನಲ್ಲಿ ಓಡಾಡಿದವರೇ? ಹಾಗಿದ್ದರೆ ಒಂದಲ್ಲ ಒಂದು ದಿನ ಈ ಮಾತು ನಿಮ್ಮ ಮನೆಯಲ್ಲೂ ಬರಬಹುದು: ‘ಹದಿನೈದು ದಿನ ರಜೆ ಹಾಕಿ ಮೆಡಿಕಲ್ ಕ್ಯಾಂಪಿಗೆ ಹೋಗ್ತೀನಿ. ಸಂಬಳ ಇಲ್ಲ, ಬರೀ ಸೇವೆ.’

ಆಮೇಲೆ ಏಳುವ ಪ್ರಶ್ನೆಗಳು ನಿಮಗೂ ಗೊತ್ತು. ‘ಸಂಬಳ ಇಲ್ದೆ ಯಾರಾದ್ರೂ ದುಡೀತಾರಾ?’ ‘ಗೊತ್ತಿಲ್ಲದ ಊರು, ರಾತ್ರಿ ಎಲ್ಲಿ ಉಳ್ಕೊಳ್ತಾಳೆ?’ ‘ಮಗೂನ ಯಾರು ನೋಡ್ಕೊಳ್ತಾರೆ?’ ಈ ಪ್ರಶ್ನೆಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ‘ಬೇಡ’ ಅನ್ನುವ ಮುಂಚೆ, ‘ಹೋಗಿ ಬಾ’ ಅನ್ನುವ ಮುಂಚೆಯೂ, ಆ ಕೆಲಸ ಎಂಥದ್ದು ಅಂತ ತಿಳಿದುಕೊಳ್ಳೋಣ ಅಲ್ಲವೇ?

ಹಳೆಯ ದಾರಿಯೇ

ನರ್ಸ್‌ಗಳು ಹೀಗೆ ಗಂಟುಮೂಟೆ ಕಟ್ಟಿಕೊಂಡು ಹೊರಡುವುದು ಹೊಸ ಫ್ಯಾಷನ್ ಏನಲ್ಲ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿಯ ತಂಡ ಕಟ್ಟಿಕೊಂಡು ಟರ್ಕಿಯ ಸ್ಕುಟಾರಿಗೆ ಹೋದರು. ಅವರ ಹುಟ್ಟುಹಬ್ಬವಾದ ಮೇ 12 ಇಂದಿಗೂ ನರ್ಸ್‌ಗಳ ದಿನ. ಅದೇ ಯುದ್ಧಕ್ಕೆ ಹೋಗಲು ಜಮೈಕಾದ ಮೇರಿ ಸೀಕೋಲ್ ಅರ್ಜಿ ಹಾಕಿದಾಗ ಇಂಗ್ಲೆಂಡಿನಲ್ಲಿ ಅವರನ್ನು ಸೇರಿಸಿಕೊಳ್ಳಲಿಲ್ಲ. ಆಕೆ ಸುಮ್ಮನೆ ಕೂರದೆ ಸ್ವಂತ ಖರ್ಚಿನಲ್ಲೇ ಹೋಗಿ ಗಾಯಾಳುಗಳನ್ನು ನೋಡಿಕೊಂಡರು.

ಮೈಸೂರಿನವರಿಗೆ ‘ಮಿಷನ್ ಆಸ್ಪತ್ರೆ’ ಅಂದರೆ ಥಟ್ಟನೆ ನೆನಪಾಗುವುದು 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ. ಅಂದು ಹೊರದೇಶದ ಮಿಷನ್‌ನವರು ಇಲ್ಲಿಗೆ ಬಂದು ಆಸ್ಪತ್ರೆ ಕಟ್ಟಿದರು. ಇಂದು ನಮ್ಮ ನರ್ಸ್‌ಗಳೇ ಬೇರೆ ಊರಿಗೆ, ಬೇರೆ ದೇಶಕ್ಕೆ ಸೇವೆಗೆ ಹೊರಡುತ್ತಿದ್ದಾರೆ.

ನರ್ಸ್‌ಗೆ ಅಲ್ಲೇನು ಕೆಲಸ?

ಆಪರೇಷನ್ ಮಾಡುವುದು ಡಾಕ್ಟರು, ಕತ್ತರಿ ಕೊಡುವುದು ನರ್ಸ್. ಇಷ್ಟೇ ಅಂದುಕೊಂಡವರೇ ಹೆಚ್ಚು. ಸೀಳುತುಟಿ ಶಿಬಿರವನ್ನೇ ತೆಗೆದುಕೊಳ್ಳಿ. ಈ ಕೆಲಸಕ್ಕೆ ಹೆಸರಾದ ‘ಆಪರೇಷನ್ ಸ್ಮೈಲ್’ ಸಂಸ್ಥೆಯನ್ನು 1982ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಬಿಲ್ ಮೆಗೀ ಮತ್ತು ಅವರ ಪತ್ನಿ ಕ್ಯಾಥಿ ಮೆಗೀ ಸೇರಿ ಹುಟ್ಟುಹಾಕಿದರು. ಕ್ಯಾಥಿ ಓದಿದ್ದು ನರ್ಸಿಂಗ್!

ತುಟಿ ಹೊಲಿಯುವ ಆಪರೇಷನ್ ಹಲವು ಬಾರಿ ಒಂದು ಗಂಟೆಯೊಳಗೇ ಮುಗಿಯುತ್ತದೆ. ಆದರೆ ಅದಕ್ಕೆ ಮುಂಚೆ, ಅದರ ನಂತರ ಎಷ್ಟು ಕೆಲಸ! ಅಂಗುಳವೂ ಸೀಳಿದ್ದರೆ ಮಗುವಿಗೆ ಹಾಲು ಚೀಪಲು ಆಗುವುದಿಲ್ಲ. ತೂಕ ಏರದ ಮಗುವಿಗೆ, ರಕ್ತ ಕಡಿಮೆ ಇರುವ ಮಗುವಿಗೆ ಅರಿವಳಿಕೆ ಕೊಡುವುದು ಅಪಾಯ. ಮಗುವನ್ನು ಹೇಗೆ ನೆಟ್ಟಗೆ ಹಿಡಿದು, ಚಮಚೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಲು ಕುಡಿಸಬೇಕು ಅಂತ ತಾಯಿಗೆ ಕಲಿಸುವವಳು ನರ್ಸ್. ತೂಕ, ಜ್ವರ, ಕೆಮ್ಮು ನೋಡಿ ‘ಈ ಸಲ ಬೇಡಮ್ಮ, ಮಗು ಗಟ್ಟಿಯಾಗಲಿ’ ಅಂತ ಹೇಳುವ ಕಷ್ಟವೂ ಎಷ್ಟೋ ಸಲ ಅವಳದೇ.

ಇನ್ನು ಆಪರೇಷನ್‌ಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು. ಹಸಿದು ಅಳುವ ಮಗುವನ್ನು ನೋಡಲಾಗದೆ ಅಜ್ಜಿ ಸೆರಗಿನ ಮರೆಯಲ್ಲಿ ಒಂದು ಬಿಸ್ಕತ್ತು ಕೊಟ್ಟುಬಿಟ್ಟರೆ? ಅರಿವಳಿಕೆಯಲ್ಲಿ ಮಗು ವಾಂತಿ ಮಾಡಿಕೊಂಡು ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಅಜ್ಜಿಗೆ ಬೈಯದೆ, ಅರ್ಥವಾಗುವ ಭಾಷೆಯಲ್ಲಿ ಇದನ್ನು ಹೇಳಬೇಕು. ಆಪರೇಷನ್ ಆದ ಮೇಲೆ ಮಗು ಹೊಲಿಗೆಗೆ ಕೈ ಹಾಕದಂತೆ ನೋಡಿಕೊಳ್ಳಬೇಕು, ರಾತ್ರಿಯಿಡೀ ಉಸಿರಾಟ ಗಮನಿಸಬೇಕು.

ಮತ್ತೊಂದು ಕೆಲಸ ಯಾವ ರಿಜಿಸ್ಟರಿನಲ್ಲೂ ಬರೆಯುವಂಥದ್ದಲ್ಲ. ‘ಗ್ರಹಣದ ದಿನ ನಾನು ಹೊರಗೆ ಬಂದೆ, ಈಳಿಗೆ ಮುಟ್ಟಿದೆ, ಅದಕ್ಕೇ ಮಗುವಿಗೆ ಹೀಗಾಯ್ತು’ ಅಂತ ವರ್ಷಗಟ್ಟಲೆ ಅತ್ತೆ ಮನೆಯವರ ಮಾತು ಕೇಳಿ ಕುಗ್ಗಿಹೋದ ತಾಯಂದಿರು ನಮ್ಮಲ್ಲಿ ಎಷ್ಟಿಲ್ಲ! ಸೀಳುತುಟಿಗೂ ಗ್ರಹಣಕ್ಕೂ ಸಂಬಂಧವಿಲ್ಲ. ಬಸಿರಾದ ಮೊದಲ ಎರಡು ಮೂರು ತಿಂಗಳಲ್ಲಿ ಮಗುವಿನ ಮುಖದ ಭಾಗಗಳು ಸರಿಯಾಗಿ ಕೂಡಿಕೊಳ್ಳದೆ ಹೀಗಾಗುತ್ತದೆ. ‘ನಿನ್ನ ತಪ್ಪಿಲ್ಲಮ್ಮ’ ಅಂತ ಬಿಳಿ ಸಮವಸ್ತ್ರದ ಒಬ್ಬ ಹೆಂಗಸು ಎಲ್ಲರೆದುರು ಹೇಳಿದರೆ ಆ ತಾಯಿಗೆ ಅದೂ ಒಂದು ಚಿಕಿತ್ಸೆಯೇ ಅಲ್ಲವೇ?

ರೈಲಿನಲ್ಲೂ ಆಸ್ಪತ್ರೆ, ಹಡಗಿನಲ್ಲೂ ಆಸ್ಪತ್ರೆ

ನಮ್ಮ ದೇಶದ್ದೇ ಹೆಮ್ಮೆಯ ಉದಾಹರಣೆ ‘ಲೈಫ್‌ಲೈನ್ ಎಕ್ಸ್‌ಪ್ರೆಸ್’, ಅಂದರೆ ಜೀವನ್ ರೇಖಾ. ಇಂಪ್ಯಾಕ್ಟ್ ಇಂಡಿಯಾ ಫೌಂಡೇಷನ್ ಮತ್ತು ಭಾರತೀಯ ರೈಲ್ವೆ ಸೇರಿ 1991ರಲ್ಲಿ ಶುರು ಮಾಡಿದ ಇದು ಜಗತ್ತಿನ ಮೊದಲ ಆಸ್ಪತ್ರೆ ರೈಲು ಎಂದೇ ಹೆಸರಾಗಿದೆ. ಮೊದಲ ಶಿಬಿರ ಆದದ್ದು ಅಂದಿನ ಬಿಹಾರದ, ಇಂದಿನ ಜಾರ್ಖಂಡ್‌ನ ಖಲಾರಿಯಲ್ಲಿ. ಬೋಗಿಯೊಳಗೇ ಆಪರೇಷನ್ ಥಿಯೇಟರ್! ಸಣ್ಣ ಊರಿನ ಸ್ಟೇಷನ್ನಿನಲ್ಲಿ ಕೆಲವು ವಾರ ನಿಂತು ಕಣ್ಣಿನ ಪೊರೆ, ಸೀಳುತುಟಿ, ಕಿವಿಯ ತೊಂದರೆ, ಪೋಲಿಯೊದಿಂದ ಸೊಟ್ಟಗಾದ ಕೈಕಾಲುಗಳಿಗೆ ಉಚಿತ ಚಿಕಿತ್ಸೆ ಕೊಡುತ್ತದೆ. ವೈದ್ಯರು ನಗರಗಳಿಂದ ಸ್ವಯಂಸೇವಕರಾಗಿ ಬರುತ್ತಾರೆ.

ಹಡಗಿನ ಕಥೆ ಇನ್ನೂ ಸ್ವಾರಸ್ಯ. 1978ರಲ್ಲಿ ಶುರುವಾದ ‘ಮರ್ಸಿ ಶಿಪ್ಸ್’ ಸಂಸ್ಥೆ ಆಫ್ರಿಕಾದ ಬಂದರುಗಳಲ್ಲಿ ಆಸ್ಪತ್ರೆ ಹಡಗು ನಿಲ್ಲಿಸಿ ಶಸ್ತ್ರಚಿಕಿತ್ಸೆ ಮಾಡುತ್ತದೆ. ಇದರ ಹೊಸ ಹಡಗು ‘ಗ್ಲೋಬಲ್ ಮರ್ಸಿ’ 2023ರಲ್ಲಿ ಸೆನೆಗಲ್‌ನ ಡಕಾರ್‌ನಲ್ಲಿ ಆಪರೇಷನ್ ಶುರು ಮಾಡಿತು. ಇಲ್ಲಿ ಸಂಬಳ ಹಾಗಿರಲಿ, ತಮ್ಮ ವಾಸ, ಊಟದ ಖರ್ಚನ್ನೂ ಸ್ವಯಂಸೇವಕರೇ ಕೊಡಬೇಕು! ಹೆರಿಗೆ ಕಷ್ಟವಾಗಿ, ಸಮಯಕ್ಕೆ ಸಿಸೇರಿಯನ್ ಸಿಗದೆ ಮೂತ್ರ ಸೋರುವ ತೊಂದರೆಗೆ ಸಿಕ್ಕಿ, ಮನೆಯವರೇ ದೂರವಿಟ್ಟ ಹೆಂಗಸರು ಇಲ್ಲಿಗೆ ಬರುತ್ತಾರೆ. ಅವರ ಪಕ್ಕ ಕೂತು, ಕೈ ಹಿಡಿದು, ತಲೆ ಬಾಚುವ ಕೆಲಸವೂ ನರ್ಸ್‌ನದೇ.

ಶಿಬಿರ ಅಂದ ಮಾತ್ರಕ್ಕೆ...

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಸಂತಾನಹರಣ ಶಿಬಿರವೊಂದರಲ್ಲಿ 83 ಹೆಂಗಸರಿಗೆ ಕೆಲವೇ ಗಂಟೆಗಳಲ್ಲಿ ಆಪರೇಷನ್ ಮಾಡಿದರು. ಅದೂ ಬಳಕೆಯಲ್ಲಿಲ್ಲದ ಆಸ್ಪತ್ರೆ ಕಟ್ಟಡದಲ್ಲಿ. ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಸ್ವಯಂಸೇವಕರ ಶಿಬಿರವಲ್ಲ, ಸರ್ಕಾರದ್ದು. ಆದರೆ ಪಾಠ ಎಲ್ಲರಿಗೂ ಒಂದೇ. ಪುಕ್ಕಟೆ ಚಿಕಿತ್ಸೆ ಅಂದರೆ ಹೇಗೋ ಒಂದು ಚಿಕಿತ್ಸೆ ಅಂತಲ್ಲ.

ಹಾಗಾಗಿ ಹೊರಡುವ ನರ್ಸ್‌ಗೆ ಬೇಕಾದ ಮೊದಲ ಗುಣ ಧೈರ್ಯ. ‘ಸರ್, ಈ ಉಪಕರಣ ಸ್ಟೆರಿಲೈಸ್ ಆಗಿಲ್ಲ’ ಅಂತ ದೊಡ್ಡ ಡಾಕ್ಟರಿಗೂ ಹೇಳುವ ಧೈರ್ಯ. ಶಿಬಿರ ಮುಗಿದು ಎಲ್ಲರೂ ಹೊರಟ ಮೇಲೆ ಹೊಲಿಗೆ ಕೀವಾದರೆ ನೋಡುವವರು ಯಾರು? ಇದನ್ನು ಮೊದಲೇ ಯೋಚಿಸಿರುವ ಸಂಸ್ಥೆಯೇ ಒಳ್ಳೆಯ ಸಂಸ್ಥೆ. ಸ್ಥಳೀಯ ನರ್ಸ್‌ಗಳಿಗೆ ತರಬೇತಿ ಕೊಟ್ಟು ಬರುವ ತಂಡವಾದರೆ ಇನ್ನೂ ಒಳ್ಳೆಯದು.

ಅಪಾಯ ಇಲ್ಲವೇ?

ಇದೆ. ‘ಗಡಿಗಳಿಲ್ಲದ ವೈದ್ಯರು’ (ಎಂ.ಎಸ್.ಎಫ್.) ಸಂಸ್ಥೆಯ ಹೆಸರು ನೀವು ಕೇಳಿರಬಹುದು. 1971ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ ಇದಕ್ಕೆ 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಯುದ್ಧ, ಬರ, ಸಾಂಕ್ರಾಮಿಕ ರೋಗ ಇದ್ದಲ್ಲೇ ಇದರ ಕೆಲಸ. ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷದ ಅನುಭವ ಕೇಳುತ್ತಾರೆ, ಖರ್ಚಿನ ಜೊತೆ ಒಂದು ಮಟ್ಟದ ಸಂಬಳವನ್ನೂ ಕೊಡುತ್ತಾರೆ. ಕೆಲಸ ಎರಡು ವಾರದ್ದಲ್ಲ, ತಿಂಗಳುಗಟ್ಟಲೆಯದು.

2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ 11,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿಗೆ ಸೇವೆಗೆ ಹೋಗಿದ್ದ ಸ್ಕಾಟ್ಲೆಂಡಿನ ನರ್ಸ್ ಪಾಲಿನ್ ಕ್ಯಾಫರ್‌ಕಿಗೆ ಮನೆಗೆ ಮರಳಿದ ಮೇಲೆ ಎಬೋಲಾ ಇರುವುದು ಗೊತ್ತಾಯಿತು. ಗುಣವಾಗಿ, ತಿಂಗಳುಗಳ ನಂತರ ಮತ್ತೆ ಹುಷಾರು ತಪ್ಪಿ ಸಾವಿನ ಬಾಗಿಲು ತಟ್ಟಿ ಬಂದರು. ಲೈಬೀರಿಯಾದ ಸಲೋಮಿ ಕರ್ವಾ ಕಥೆ ಇನ್ನೂ ಕರುಳು ಹಿಂಡುವಂಥದ್ದು. ಎಬೋಲಾಗೆ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು, ತಾನು ಬದುಕಿ ಉಳಿದ ಆಕೆ, ತನ್ನನ್ನು ಉಳಿಸಿದ ಎಂ.ಎಸ್.ಎಫ್. ಕೇಂದ್ರಕ್ಕೇ ಮರಳಿ ಬೇರೆ ರೋಗಿಗಳ ಆರೈಕೆಗೆ ನಿಂತಳು. ‘ಟೈಮ್’ ಪತ್ರಿಕೆ 2014ರಲ್ಲಿ ಅವಳ ಚಿತ್ರವನ್ನು ಮುಖಪುಟದಲ್ಲಿ ಹಾಕಿತು. 2017ರಲ್ಲಿ ಹೆರಿಗೆಯ ನಂತರದ ತೊಂದರೆಯಿಂದ ತೀರಿಕೊಂಡಳು. ‘ಎಬೋಲಾದವಳು’ ಅಂತ ಹೆದರಿ ಆಸ್ಪತ್ರೆಯವರು ಮುಟ್ಟಲು ಹಿಂಜರಿದರು ಅಂತ ಮನೆಯವರು ನೊಂದು ಹೇಳಿದರು. ಸೇವೆ ಮಾಡಿದವರಿಗೆ ಸಮಾಜ ಕೊಡುವ ಬಹುಮಾನ ಇದಾಗಬಾರದು. ಕೋವಿಡ್ ಸಮಯದಲ್ಲಿ ನಮ್ಮಲ್ಲೂ ನರ್ಸ್‌ಗಳಿಗೆ ಬಾಡಿಗೆ ಮನೆ ಖಾಲಿ ಮಾಡಿ ಅಂದವರಿದ್ದರು ತಾನೇ?

ಹೊರಡುವ ಮುಂಚೆ ಈ ವಿಷಯ ಗಮನದಲ್ಲಿರಲಿ

* ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿದೆಯೇ ನೋಡಿ. ಬೇರೆ ರಾಜ್ಯದಲ್ಲಿ, ಬೇರೆ ದೇಶದಲ್ಲಿ ಕೆಲಸ ಮಾಡಲು ಬೇಕಾದ ಅನುಮತಿಯನ್ನು ಸಂಸ್ಥೆಯವರು ಮಾಡಿಸುತ್ತಾರೆಯೇ ಅಂತ ಬರಹದಲ್ಲಿ ಕೇಳಿ.
* ಸಂಸ್ಥೆ ಎಷ್ಟು ವರ್ಷದ್ದು? ಹಿಂದೆ ಹೋಗಿಬಂದ ಇಬ್ಬರು ನರ್ಸ್‌ಗಳ ಜೊತೆ ಮಾತಾಡಿಸಿ ಅನ್ನಿ. ಒಳ್ಳೆಯವರು ಸಂತೋಷದಿಂದ ಮಾತಾಡಿಸುತ್ತಾರೆ.
* ‘ಮೊದಲು ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ಕೆಲಸ ಕೊಡಿಸ್ತೀವಿ’ ಅನ್ನುವವರಿಂದ ದೂರವಿರಿ. ಸೇವೆಯ ಹೆಸರಿನಲ್ಲಿ ಮೋಸ ಮಾಡುವವರೂ ಇದ್ದಾರೆ. ಕೆಲಸಕ್ಕೆ ಕಳಿಸುವ ಏಜೆಂಟ್ ಆದರೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಹೆಸರು ಇದೆಯೇ ನೋಡಿ. ಪಾಸ್‌ಪೋರ್ಟನ್ನು ಯಾರ ಕೈಗೂ ಒಪ್ಪಿಸಿ ಬಿಡಬೇಡಿ.
* ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ ಆರು ತಿಂಗಳು ಬೇಕು. ಹೊರಡುವ ವಾರ ನೆನಪಾದರೆ ಪ್ರಯೋಜನವಿಲ್ಲ.
* ಆಫ್ರಿಕಾದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಷ್ಟೇ ಹಾಕುತ್ತಾರೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿರಬೇಕು. 2016ರಿಂದ ಈ ಕಾರ್ಡು ಜೀವನಪೂರ್ತಿ ನಡೆಯುತ್ತದೆ, ಕಳೆದುಕೊಳ್ಳಬೇಡಿ.
* ಸೂಜಿ ಚುಚ್ಚಿದರೆ ಮುಚ್ಚಿಡಬಾರದು. ಎಚ್.ಐ.ವಿ. ತಡೆಯುವ ಮಾತ್ರೆ ಆದಷ್ಟು ಬೇಗ, 72 ಗಂಟೆಯೊಳಗೆ ಶುರು ಮಾಡಬೇಕು. ಆ ಮಾತ್ರೆ ಶಿಬಿರದಲ್ಲಿ ಇರುತ್ತದೆಯೇ ಅಂತ ಮೊದಲೇ ಕೇಳಿ.
* ವಿಮೆ ಯಾರು ಮಾಡಿಸುತ್ತಾರೆ? ಹುಷಾರು ತಪ್ಪಿದರೆ, ಗಲಾಟೆಯಾದರೆ ವಾಪಸ್ ಕರೆತರುವ ಖರ್ಚು ಯಾರದು?
* ಹೆಂಗಸರಿಗೆ ಬೇರೆ ಕೋಣೆ, ಚಿಲಕವಿರುವ ಬಚ್ಚಲು ಇದೆಯೇ? ಇದನ್ನು ಕೇಳಲು ಸಂಕೋಚ ಬೇಡ.
* ಕಲಿಯದ ಕೆಲಸ ಮಾಡಬೇಡಿ. ‘ಬಡವರಿಗೆ ತಾನೇ, ನಡೆಯುತ್ತೆ’ ಅನ್ನುವುದು ಸೇವೆಯಲ್ಲ.

ದೂರ ಹೋಗಲು ಆಗದಿದ್ದರೆ?

ಚಿಕ್ಕ ಮಕ್ಕಳಿದ್ದಾರೆ, ವಯಸ್ಸಾದ ಅತ್ತೆ ಮಾವ ಇದ್ದಾರೆ ಅನ್ನುವವರು ನಿರಾಶರಾಗಬೇಕಿಲ್ಲ. ನಮ್ಮ ರಾಜ್ಯದಲ್ಲೇ ದಾರಿಗಳಿವೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗಾಗಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇದೆ. ಮೈಸೂರಿನ ವೈದ್ಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಾ ಕಾಡಿನಂಚಿನ ಹಾಡಿಗಳ ಜನರನ್ನು ನೋಡಿಕೊಳ್ಳುತ್ತಿದೆ. ಮೊದಲು ಬರೆದು ವಿಚಾರಿಸಿ. ಅವರಿಗೆ ಏನು ಬೇಕೋ ಅದನ್ನು ಕೊಡಿ, ನಮಗೆ ತೋಚಿದ್ದನ್ನಲ್ಲ.

ಅದೂ ಆಗದಿದ್ದರೆ ನಿಮ್ಮ ಬಡಾವಣೆಯೇ ಶಿಬಿರ! ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಮಕ್ಕಳಿಗೆ ಲಸಿಕೆ ತಪ್ಪಿರುತ್ತದೆ. ಮನೆಕೆಲಸದವಳ ಬಿ.ಪಿ. ಯಾರೂ ನೋಡಿರುವುದಿಲ್ಲ. ಬಿಟ್ಟ ಕೆಲಸಕ್ಕೆ ಮರಳಬೇಕೆಂದಿರುವ ನರ್ಸ್‌ಗೆ ವಾರಕ್ಕೆರಡು ಗಂಟೆಯ ಇಂಥ ಸೇವೆ ಕೈ ಪಳಗಿಸುವ ದಾರಿಯೂ ಹೌದು.

ಮನೆಯವರಿಗೊಂದು ಮಾತು

ನರ್ಸ್ ಅಲ್ಲದ ನಮ್ಮ ಪಾಲೂ ಇಲ್ಲಿದೆ. ಅವಳು ಹೊರಟಾಗ ಮಗುವನ್ನು ನೋಡಿಕೊಳ್ಳುವ ಅತ್ತೆ, ಡಬ್ಬಿ ಕಟ್ಟುವ ನಾದಿನಿ, ಮೂರು ಹೊತ್ತು ಕುಕ್ಕರ್ ಇಡಲು ಕಲಿಯುವ ಗಂಡ ಇವರೆಲ್ಲ ಆ ಶಿಬಿರದ ಸ್ವಯಂಸೇವಕರೇ. ಹೊರಡುವ ಹದಿನೈದು ದಿನ ಮುಂಚೆಯೇ ಯಾರು ಏನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ದಿನಾ ಹತ್ತು ಸಲ ಫೋನ್ ಮಾಡಿ ‘ಮಗು ಅಳ್ತಿದೆ’ ಅನ್ನಬೇಡಿ. ದಿನಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ.

ಮರಳಿದಾಗ ‘ಏನು ತಂದೆ?’ ಅಂತ ಕೇಳುವ ಮುಂಚೆ ಎರಡು ದಿನ ನಿದ್ದೆ ಮಾಡಲು ಬಿಡಿ. ನೋಡಬಾರದ್ದನ್ನು ನೋಡಿ ಬಂದಿರುತ್ತಾಳೆ. ಊಟ ತಟ್ಟೆಯಲ್ಲಿ ಬಿಟ್ಟ ಮಗನ ಮೇಲೆ ರೇಗಬಹುದು, ಸುಮ್ಮನೆ ಅಳಬಹುದು. ವಾರಗಳಾದರೂ ನಿದ್ದೆ ಬಾರದೆ, ಯಾರೊಂದಿಗೂ ಬೆರೆಯದೆ ಇದ್ದರೆ ಆಪ್ತ ಸಲಹೆಗಾರರ ಬಳಿ ಕರೆದುಕೊಂಡು ಹೋಗಿ, ಅದರಲ್ಲಿ ನಾಚಿಕೆ ಏನಿಲ್ಲ. ಜ್ವರ ಬಂದರೆ ಎಲ್ಲಿಗೆ ಹೋಗಿ ಬಂದಳು ಅನ್ನುವುದನ್ನು ಡಾಕ್ಟರಿಗೆ ಮೊದಲೇ ಹೇಳಿ, ಮಲೇರಿಯಾ ಪರೀಕ್ಷೆ ಮಾಡಿಸಿ. ಉಳಿದದ್ದು ಸುಲಭ. ಬಿಸಿ ಸಾರು ಅನ್ನ ಬಡಿಸಿ ಎದುರಿಗೆ ಕೂತು, ಅವಳು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಿ.