ಲಾಠಿಗಿಂತ ಮೊದಲು ಮಾತು

ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ಹಲಸಂಗಿ ಕನ್ನಡ ನಾಡಿಗೆ ಅಪರಿಚಿತವಾದ ಊರಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಪದಗಳನ್ನು ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ನಾಡಿಗೆ ನೀಡಿದ ಊರಿದು. ಮನೆಯ ಮೂಲೆಯಲ್ಲಿಯೇ ಹುಟ್ಟಿ ಅಲ್ಲಿಯೇ ಅಡಗಿಹೋಗುತ್ತಿದ್ದ ನೋವು ನಲಿವುಗಳಿಗೆ ಅವರು ಕಿವಿಗೊಟ್ಟರು. ಹೀಗೆ ಕಿವಿಗೊಡುವ ಗುಣ ಕವಿಗೆ ಬೇಕು, ವೈದ್ಯನಿಗೆ ಬೇಕು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅದು ಪೋಲೀಸರಿಗೂ ಬೇಕೆ?

ಆ ಸೀಮೆಯ ಯಾವುದಾದರೊಂದು ಹಳ್ಳಿಯಲ್ಲಿ ಹೀಗೊಂದು ಸಂಜೆಯನ್ನು ಕಲ್ಪಿಸಿಕೊಳ್ಳಿರಿ. ತರುಣನೊಬ್ಬ ನಾಲ್ಕು ದಿನಗಳಿಂದ ಅನ್ನ ನಿದ್ರೆಗಳನ್ನು ಬಿಟ್ಟಿದ್ದಾನೆ. ತನ್ನನ್ನು ಕೊಲ್ಲಲು ಯಾರೋ ಬರುತ್ತಿರುವರೆಂದು ಹೆದರಿ, ಕುಡುಗೋಲು ಹಿಡಿದು ಒಳಕೋಣೆಯಲ್ಲಿ ನಿಂತಿದ್ದಾನೆ. ಅಂಗಳದ ತುಂಬ ಜನ. ತಾಯಿ ಬಾಗಿಲಿಗೆ ಒರಗಿ ಅಳುತ್ತಿದ್ದಾಳೆ. ಯಾರೋ 112ಕ್ಕೆ ದೂರವಾಣಿ ಮಾಡಿದ್ದಾರೆ. ಪೋಲೀಸರ ಗಾಡಿ ಬಂದು ನಿಲ್ಲುತ್ತದೆ.

ಇನ್ನು ಹತ್ತು ನಿಮಿಷಗಳಲ್ಲಿ ನಡೆಯುವುದರ ಮೇಲೆ ಆ ಮನೆಯ ಮುಂದಿನ ಬಾಳೆಲ್ಲ ನಿಂತಿದೆ.

ಎರಡು ದಾರಿಗಳು

ಒಂದು ದಾರಿ ಹಳೆಯದು, ಎಲ್ಲರಿಗೂ ಗೊತ್ತಿರುವುದು. ನಾಲ್ವರು ಒಟ್ಟಿಗೆ ನುಗ್ಗುತ್ತಾರೆ. “ಕುಡುಗೋಲು ಒಗಿ!” ಎಂದು ಗದರಿಸುತ್ತಾರೆ. ಕೊಲ್ಲಲು ಬರುವವರಿದ್ದಾರೆಂದು ನಂಬಿದವನಿಗೆ ಈಗ ಅವರು ಬಂದೇಬಿಟ್ಟರು! ಅವನು ಆಯುಧವನ್ನು ಬಿಡುವುದಿಲ್ಲ, ಬೀಸುತ್ತಾನೆ. ಮುಂದಿನದನ್ನು ಹೇಳಬೇಕಾಗಿಲ್ಲ.

ಇನ್ನೊಂದು ದಾರಿಯಲ್ಲಿ ಮೊದಲ ಕೆಲಸ ಅಂಗಳದ ಜನರನ್ನು ದೂರ ಕಳಿಸುವುದು. ಎರಡನೆಯದು, ಮಾತನ್ನು ಒಬ್ಬನೇ ಆಡುವುದು. ಅವನು ಹೊಸ್ತಿಲ ಈಚೆಗೇ ನಿಂತು, ಕೈಗಳು ಕಾಣುವಂತೆ ಇಟ್ಟುಕೊಂಡು, ತಗ್ಗಿದ ದನಿಯಲ್ಲಿ ಹೆಸರು ಹಿಡಿದು ಮಾತನಾಡಿಸುತ್ತಾನೆ: “ತಮ್ಮಾ, ಯಾಕ ಅಂಜೀದಿ? ನಾ ನಿನಗ ಏನೂ ಮಾಡಂಗಿಲ್ಲ. ಇಲ್ಲೇ ನಿಂತಿರ್ತೀನಿ. ಏನಾಗೇತಿ ಹೇಳು.” ಕೊಲ್ಲುವವರು ಯಾರೂ ಇಲ್ಲವೆಂದು ವಾದಿಸುವುದಿಲ್ಲ, ಇದ್ದಾರೆಂದು ಸುಳ್ಳೂ ಹೇಳುವುದಿಲ್ಲ. ಅವನ ಭಯ ಮಾತ್ರ ನಿಜ. ಆ ಭಯದೊಡನೆ ಮಾತನಾಡುತ್ತಾನೆ. ಒಂದು ಸಲಕ್ಕೆ ಒಂದೇ ಸಣ್ಣ ಮಾತು. ಉತ್ತರ ತಡವಾದರೂ ಅವಸರವಿಲ್ಲ.

ಇದು ಬರಿಯ ಮೆದುತನವೆಂದು ಯಾರೂ ಭಾವಿಸಬಾರದು. ಆಯುಧದ ಎದುರಿಗೆ ಅಂತರ ಕಾಯ್ದುಕೊಳ್ಳುವುದೂ ಹೊತ್ತು ಕಳೆಯಗೊಡುವುದೂ ಆ ಪೋಲೀಸನಿಗೇ ರಕ್ಷೆ. ಅವನಿಗೂ ಮನೆಯಲ್ಲಿ ದಾರಿ ಕಾಯುವವರಿದ್ದಾರೆ.

ಮೆಂಫಿಸ್ ಪಟ್ಟಣ ಕಲಿತ ಪಾಠ

ಈ ಎರಡನೆಯ ದಾರಿಯನ್ನು ಒಂದು ಶಿಸ್ತಿನ ವಿದ್ಯೆಯಾಗಿ ರೂಪಿಸಿದ್ದು ಅಮೆರಿಕದ ಮೆಂಫಿಸ್ ಪಟ್ಟಣ. 1987ರಲ್ಲಿ ಅಲ್ಲಿ 27 ವರ್ಷದ ತರುಣನೊಬ್ಬ ಚೂರಿಯಿಂದ ತನ್ನನ್ನೇ ಗಾಯಪಡಿಸಿಕೊಳ್ಳುತ್ತಿದ್ದಾಗ ತಾಯಿ ಸಹಾಯ ಬೇಡಿ ಪೋಲೀಸರನ್ನು ಕರೆದಳು. ಬಂದವರ ಗುಂಡಿಗೆ ಅವನು ಬಲಿಯಾದ. ಊರು ಕುದಿಯಿತು. ಮರುವರ್ಷವೇ ಪೋಲೀಸರು, ವೈದ್ಯರು, ರೋಗಿಗಳ ಮನೆಯವರು ಒಟ್ಟುಗೂಡಿ ಒಂದು ವಿಶೇಷ ತಂಡವನ್ನು ಕಟ್ಟಿದರು. ತಾವಾಗಿ ಮುಂದೆ ಬಂದ ಪೋಲೀಸರಿಗೆ 40 ಗಂಟೆಗಳ ತರಬೇತಿ. ರೋಗಿಗಳ ಮತ್ತು ಅವರ ಬಂಧುಗಳ ಬಾಯಿಂದಲೇ ಪಾಠ. ಆ ಮಾದರಿ ಮುಂದೆ ಅನೇಕ ಊರುಗಳಿಗೆ ಹರಡಿತು.

ಕಾನೂನು ಏನೆನ್ನುತ್ತದೆ?

ನಮ್ಮ ಕಾನೂನು ಈ ದಾರಿಗೆ ಬರಲು ಬಹಳ ಕಾಲ ಹಿಡಿಯಿತು. 1860ರ ದಂಡಸಂಹಿತೆಯ 309ನೆಯ ಕಲಮಿನ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದವನು ಅಪರಾಧಿ. ಅವನಿಗೆ ಒಂದು ವರ್ಷದವರೆಗೆ ಸೆರೆಮನೆ. 1912ರ ಕಾಯಿದೆಯಂತೂ ಮನೋರೋಗಿಯನ್ನು ಹಿಡಿದು ಕೂಡಿಹಾಕುವ ಚಿಂತೆಯಲ್ಲಿಯೇ ಹುಟ್ಟಿತ್ತು.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಇದನ್ನು ತಿರುವುಮುರುವು ಮಾಡಿತು. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನ ಆರೈಕೆ ಸರಕಾರದ ಹೊಣೆ ಎಂದು ಅದರ 115ನೆಯ ಕಲಮು ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮೇ ಇಲ್ಲ. ಸರಕಾರಿ ಅಧಿಕಾರಿಯನ್ನು ಒತ್ತಾಯಪಡಿಸಲು ಮಾಡುವ ಯತ್ನವಷ್ಟೇ ಅಪರಾಧವಾಗಿ ಉಳಿದಿದೆ.

ಪೋಲೀಸರ ಕರ್ತವ್ಯವನ್ನು 100ನೆಯ ಕಲಮು ಸ್ಪಷ್ಟಪಡಿಸುತ್ತದೆ. ಮನೋರೋಗದಿಂದ ತನ್ನ ಕಾಳಜಿ ತಾನು ಮಾಡಿಕೊಳ್ಳಲಾರದೆ ಅಲೆಯುವವನನ್ನು, ಅಥವಾ ರೋಗದ ಕಾರಣ ತನಗಾಗಲಿ ಪರರಿಗಾಗಲಿ ಅಪಾಯ ತರಬಹುದಾದವನನ್ನು, ಠಾಣೆಯ ಅಧಿಕಾರಿ ತನ್ನ ರಕ್ಷಣೆಗೆ ತೆಗೆದುಕೊಳ್ಳಬೇಕು. ಕಾರಣವನ್ನು ಅವನಿಗೆ ತಿಳಿಸಬೇಕು. 24 ಗಂಟೆಗಳೊಳಗೆ ಸಮೀಪದ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು. ಯಾವ ಕಾರಣಕ್ಕೂ ಠಾಣೆಯ ಕೋಣೆಯಲ್ಲಿಯಾಗಲಿ ಸೆರೆಮನೆಯಲ್ಲಿಯಾಗಲಿ ಇರಿಸಕೂಡದು. ಮನೆ ಮಾರು ಇಲ್ಲದವನಾದರೆ ಅವನ ಬಂಧುಗಳನ್ನು ಹುಡುಕುವುದೂ ಠಾಣೆಯ ಕೆಲಸವೇ.

ಹಲಸಂಗಿಯಂಥ ಊರಿಗೆ ಈ ಕಲಮಿನ ಬೆಲೆ ಹೆಚ್ಚು. ಧಾರವಾಡದ ಹೆಸರಾಂತ ಮಾನಸಿಕ ಆಸ್ಪತ್ರೆ ಅಲ್ಲಿಂದ 200 ಕಿಲೋಮೀಟರಿಗೂ ಆಚೆ. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೂ ಬಹು ದೂರ. ಇದನ್ನು ಮನಗಂಡೇ 1980ರ ದಶಕದಲ್ಲಿ ನಿಮ್ಹಾನ್ಸಿನ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆಸ್ಪತ್ರೆಗಳಿಗೇ ಮನೋಚಿಕಿತ್ಸೆಯನ್ನು ಒಯ್ಯುವ ಪ್ರಯೋಗ ನಡೆಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆದರೂ ಮಳೆ ಕೈಕೊಟ್ಟ ವರ್ಷ ಸಾಲಕ್ಕೆ ಸಿಕ್ಕಿದ ಒಕ್ಕಲಿಗನ ಮನೆಯಲ್ಲಿ, ಗುಳೆ ಹೋಗಿ ಬರಿಗೈಯಲ್ಲಿ ಮರಳಿದವನ ಗುಡಿಸಲಲ್ಲಿ ಆಪತ್ತು ಒದಗಿದಾಗ, ವೈದ್ಯನಿಗಿಂತ ಮೊದಲು ಬಾಗಿಲಿಗೆ ಬರುವವನು ಬಹುತೇಕ ಪೋಲೀಸನೇ.

ಮನೆಯವರ ಪಾಲು

ತಪ್ಪನ್ನೆಲ್ಲ ಖಾಕಿಯ ಮೇಲೆ ಹೊರಿಸುವುದು ಸುಲಭ. ಮಗ ಮಂಕಾಗಿ ಮೂಲೆ ಹಿಡಿದಾಗ, ಸೊಸೆ ಒಬ್ಬಳೇ ಮಾತನಾಡಿಕೊಳ್ಳತೊಡಗಿದಾಗ, ‘ನಾಲ್ಕು ಜನಕ್ಕೆ ತಿಳಿದರೆ ಮರ್ಯಾದೆ ಹೋದೀತು’ ಎಂದು ತಿಂಗಳುಗಟ್ಟಲೆ ಬಚ್ಚಿಡುವವರು ಯಾರು? ಕೈಮೀರಿದ ಮೇಲೆ ಠಾಣೆಗೆ ಹೋಗಿ, “ಸ್ವಲ್ಪ ಹೆದರಿಸಿ ಬುದ್ಧಿ ಹೇಳಿ ಸಾಹೇಬರೆ” ಎಂದು ಕೇಳಿಕೊಳ್ಳುವವರು ಯಾರು? ಪಟ್ಟಣದ ಓದಿದ ಮನೆಗಳೂ ಇದಕ್ಕೆ ಹೊರತಲ್ಲ. ಹೆದರಿದವನನ್ನು ಮತ್ತಷ್ಟು ಹೆದರಿಸಿದರೆ ರೋಗ ಹೋಗುವುದಿಲ್ಲ.

ಆಪತ್ತು ಕೈಮೀರುವ ಮೊದಲೇ ಮಾಡಬಹುದಾದ ಕೆಲಸವೊಂದುಂಟು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ದೂರವಾಣಿ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಪೋಲೀಸರನ್ನು ಕರೆಯಲೇಬೇಕಾದಾಗ, “ಇವನಿಗೆ ಕಾಯಿಲೆಯಿದೆ, ಹೆದರಿದ್ದಾನೆ, ಇಂಥ ಔಷಧ ತೆಗೆದುಕೊಳ್ಳುತ್ತಿದ್ದ, ಕೈಯಲ್ಲಿ ಇಂಥದಿದೆ” ಎಂದು ಮೊದಲೇ ತಿಳಿಸಬೇಕು. ಬರುವವರು ಆಗ ಕಳ್ಳನನ್ನು ಹಿಡಿಯಲು ಬಂದಂತೆ ಬರುವುದಿಲ್ಲ.

ಆ ತರುಣನ ಮನೆಗೆ ಮರಳೋಣ. ಒಂದು ಗಂಟೆ ಕಳೆದಿದೆ. ಕುಡುಗೋಲು ನೆಲದ ಮೇಲಿದೆ. ತಾಯಿ ತಂದ ನೀರನ್ನು ಅವನು ಕುಡಿದಿದ್ದಾನೆ. ಕೈಗೆ ಕೋಳವಿಲ್ಲ. ಆಸ್ಪತ್ರೆಗೆ ಹೊರಟ ಗಾಡಿಯಲ್ಲಿ ಅವನ ಪಕ್ಕಕ್ಕೆ ತಾಯಿ ಕುಳಿತಿದ್ದಾಳೆ. ಔಷಧದಿಂದ ಗುಣ ಕಂಡ ಮೇಲೆ ಅವನು ಇದೇ ಊರಿಗೆ, ಇದೇ ಹೊಲಕ್ಕೆ ಮರಳಬೇಕು. ಇದೇ ಓಣಿಯಲ್ಲಿ ತಲೆಯೆತ್ತಿ ನಡೆಯಬೇಕು. ಹೊಸ್ತಿಲ ಈಚೆಗೆ ನಿಂತು ತಾಳ್ಮೆಯಿಂದ ಮಾತನಾಡಿಸಿದ ಆ ಪೋಲೀಸ ಎದುರಾದಾಗ, ಅವನು ಓಡಿಹೋಗದೆ ನಿಂತು ನಮಸ್ಕರಿಸುವಂತಾದರೆ, ಆ ಸಂಜೆಯ ಕೆಲಸ ಸರಿಯಾಗಿ ನಡೆದಿತ್ತೆಂದು ಅರ್ಥ.