ಕಾಲ್ಬೆರಳಿನಿಂದ ತಲೆಗೆ ಬರುವ ಸುದ್ದಿ

ಮಕ್ಕಳೇ, ಮೂವತ್ತು ಸೆಂಟಿಮೀಟರಿನ ಒಂದು ಸ್ಕೇಲು ತನ್ನಿ. ಮನೆಯಲ್ಲಿರುವ ತಾತನನ್ನೋ ಅಜ್ಜಿಯನ್ನೋ ಕುರ್ಚಿಯಲ್ಲಿ ಕೂರಿಸಿ. ಸ್ಕೇಲಿನ ಮೇಲ್ತುದಿ ನಿಮ್ಮ ಕೈಯಲ್ಲಿರಲಿ, ಅದು ನೆಟ್ಟಗೆ ತೂಗಲಿ. ಸೊನ್ನೆ ಇರುವ ಕೆಳತುದಿಯ ಎರಡು ಪಕ್ಕ ಅವರು ಹೆಬ್ಬೆರಳನ್ನೂ ತೋರುಬೆರಳನ್ನೂ ತಾಗದ ಹಾಗೆ ಹಿಡಿದು ಕಾಯಲಿ. ಹೇಳದೆ ಕೇಳದೆ ಸ್ಕೇಲು ಬಿಟ್ಟುಬಿಡಿ. ಎಷ್ಟನೇ ಗೆರೆಯಲ್ಲಿ ಹಿಡಿದರು ಎಂದು ಬರೆದುಕೊಳ್ಳಿ. ಆಮೇಲೆ ನಿಮ್ಮ ಸರದಿ.

ಲೆಕ್ಕ ಹೀಗೆ. 10 ಸೆಂಟಿಮೀಟರಿಗೆ ಹಿಡಿದರೆ ಸುಮಾರು 0.14 ಸೆಕೆಂಡು, 15ಕ್ಕೆ 0.17, 20ಕ್ಕೆ 0.20, 25ಕ್ಕೆ 0.23. ಬೀಳುವ ವಸ್ತು ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಬೀಳುತ್ತದೆ ಎಂಬುದು ಗೊತ್ತಿರುವುದರಿಂದ ಈ ಲೆಕ್ಕ ಸಾಧ್ಯ. ನಮ್ಮ ಮನೆಯಲ್ಲಿ ಏಳನೇ ತರಗತಿಯ ಮೊಮ್ಮಗಳು 16ಕ್ಕೆ ಹಿಡಿದಳು. ಎಪ್ಪತ್ತನಾಲ್ಕರ ನಾನು 26ಕ್ಕೆ. "ತಾತ, ನಿನ್ನದು ಪ್ಯಾಸೆಂಜರ್ ಗಾಡಿ" ಎಂದಳು. ಇರಲಿ, ಗಾಡಿ ಇನ್ನೂ ಓಡುತ್ತಿದೆಯಲ್ಲ!

ಆ ಕಾಲು ಸೆಕೆಂಡಿನೊಳಗೆ ಏನೆಲ್ಲ ನಡೆಯಿತು ನೋಡಿ. ಸ್ಕೇಲು ಜಾರಿದ್ದನ್ನು ಕಣ್ಣು ಕಂಡಿತು. ಆ ಸುದ್ದಿ ಹಿಂತಲೆಯಲ್ಲಿರುವ ನೋಟದ ಭಾಗಕ್ಕೆ ಹೋಯಿತು. ಮೆದುಳು 'ಹಿಡಿ' ಎಂದು ಆಜ್ಞೆ ಹೊರಡಿಸಿತು. ಆಜ್ಞೆ ಬೆನ್ನುಹುರಿಯಲ್ಲಿ ಇಳಿದು, ತೋಳಿನಲ್ಲಿ ಹರಿದು, ಸ್ನಾಯುಗಳಿಗೆ ಮುಟ್ಟಿತು. ಈ ಇಡೀ ಏರ್ಪಾಟಿಗೆ ನರಮಂಡಲ ಎಂದು ಹೆಸರು. ನಾನು ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನ ಗುಮಾಸ್ತಿಕೆ. ಆದರೂ ಕಳೆದ ಎರಡು ವರ್ಷಗಳಿಂದ ನರಗಳ ವಿಷಯ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ಮೊದಲು ಒಂದು ಗೊಂದಲ ಪರಿಹರಿಸಿಕೊಳ್ಳೋಣ. ಇಂಜೆಕ್ಷನ್ ಕೊಡಲು ಬಂದ ನರ್ಸಮ್ಮ "ನರ ಸಿಗ್ತಾ ಇಲ್ಲ" ಎನ್ನುತ್ತಾರೆ. ನನ್ನಂಥ ಮುದುಕರ ಮುಂಗೈ ಮೇಲೆ ಹಸಿರಾಗಿ ಉಬ್ಬಿ ಕಾಣುವುದನ್ನೂ ನಾವು ನರ ಎಂದೇ ಕರೆಯುತ್ತೇವೆ. ಅವು ನರಗಳಲ್ಲ, ರಕ್ತನಾಳಗಳು. ನಿಜವಾದ ನರ ಹೀಗೆ ಹೊರಗೆ ಉಬ್ಬಿ ಕಾಣುವುದಿಲ್ಲ. ಬಿಳಿಚಿದ ದಾರದ ಹಾಗೆ ಒಳಗಿರುತ್ತದೆ, ಅದರಲ್ಲಿ ಹರಿಯುವುದು ಸುದ್ದಿ. ಅದರ ಗುರುತು ಸಿಗಬೇಕೆಂದರೆ ಬಾಗಿಲ ಚೌಕಟ್ಟಿಗೆ ಮೊಣಕೈ ಒಳಬದಿ ತಾಗಿ ಕಿರುಬೆರಳ ತನಕ ಕರೆಂಟು ಹೊಡೆದಂತಾಗುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಅಲ್ಲಿ ಒಂದು ದೊಡ್ಡ ನರ ಮೂಳೆಗೂ ಚರ್ಮಕ್ಕೂ ನಡುವೆ ಹೆಚ್ಚಿನ ಹೊದಿಕೆಯಿಲ್ಲದೆ ಹಾದುಹೋಗುತ್ತದೆ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತು ಏಳುವಾಗ ಕಾಲಿಗೆ ಜೋಮು ಹಿಡಿಯುವುದೂ ನರ ಅದುಮಿಕೊಂಡದ್ದರಿಂದಲೇ.

ನರಮಂಡಲದ ಹೆಡ್ಡಾಫೀಸು ಮೆದುಳು. ದೊಡ್ಡವರಲ್ಲಿ ಅದರ ತೂಕ ಸುಮಾರು 1,300ರಿಂದ 1,400 ಗ್ರಾಂ. ಮೈತೂಕದಲ್ಲಿ ನೂರಕ್ಕೆ ಎರಡು ಪಾಲಾದರೂ, ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಅದಕ್ಕೇ ಬೇಕು. ಹೆಡ್ಡಾಫೀಸುಗಳ ಖರ್ಚು ಎಲ್ಲ ಕಡೆಯೂ ಹಾಗೆಯೇ! ಅದರೊಳಗೆ ಸುಮಾರು 8,600 ಕೋಟಿ ನರಕೋಶಗಳಿವೆ. ಮುಮ್ಮೆದುಳು ಯೋಚನೆ, ನೆನಪು, ಮಾತು ನೋಡಿಕೊಳ್ಳುತ್ತದೆ. ಹಿಂದೆ ಕೆಳಗಿರುವ ಅನುಮಸ್ತಿಷ್ಕ ಸೈಕಲ್ ಮೇಲೆ ನಿಮ್ಮ ಸಮತೋಲ ಕಾಯುತ್ತದೆ. ಅದರ ಮುಂದಿರುವ ಬುಡದ ಭಾಗ ನಾವು ನಿದ್ದೆ ಹೋದಾಗಲೂ ಉಸಿರಾಟ ನಿಲ್ಲದಂತೆ ನೋಡಿಕೊಳ್ಳುತ್ತದೆ. ಮೆದುಳಿನಿಂದ ನೇರವಾಗಿ 12 ಜೊತೆ ನರಗಳು ಹೊರಡುತ್ತವೆ. ಬೆನ್ನುಮೂಳೆಯ ಕೊಳವೆಯೊಳಗೆ ಇಳಿಯುವ ಬೆನ್ನುಹುರಿಯಿಂದ 31 ಜೊತೆ.

ವಿಚಿತ್ರವೆಂದರೆ ಎಡ ಮೆದುಳು ಬಲಗೈಯನ್ನು ಆಡಿಸುತ್ತದೆ, ಬಲ ಮೆದುಳು ಎಡಗೈಯನ್ನು. ದಾರಿಗಳು ಮೆದುಳಿನ ಬುಡದಲ್ಲಿ ಅಡ್ಡ ಹಾಯುತ್ತವೆ. ಮನೆಯಲ್ಲಿ ಹಿರಿಯರ ಬಾಯಿ ಇದ್ದಕ್ಕಿದ್ದಂತೆ ಒಂದು ಪಕ್ಕಕ್ಕೆ ಸೊಟ್ಟಗಾದರೆ, ಒಂದೇ ಕಡೆಯ ಕೈ ಜೋಲುಬಿದ್ದರೆ, ಮಾತು ತೊದಲಿದರೆ, ಮೆದುಳಿನ ರಕ್ತನಾಳ ಕಟ್ಟಿಕೊಂಡಿರಬಹುದು ಅಥವಾ ಒಡೆದಿರಬಹುದು. ಎಣ್ಣೆ ತಿಕ್ಕುತ್ತ ಕೂರದೆ ಆ ಕ್ಷಣವೇ 108ಕ್ಕೆ ಫೋನು ಮಾಡಿ. ಕಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು.

ಇನ್ನು ಸುದ್ದಿ ಹರಿಯುವ ಬಗೆ. ತಂತಿಯಲ್ಲಿ ಕರೆಂಟು ಹರಿದಂತೆ ಎಂದು ಹೇಳುವುದುಂಟು, ಆದರೆ ಪೂರ್ತಿ ಹಾಗಲ್ಲ. ನರದ ಎಳೆಯ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಅಡುಗೆ ಉಪ್ಪಿನಲ್ಲಿರುವುದು ಇದೇ ಸೋಡಿಯಂ. ಸುದ್ದಿ ಬಂದಾಗ ಎಳೆಯ ಗೋಡೆಯಲ್ಲಿ ಸಣ್ಣ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಅದರಿಂದ ಪಕ್ಕದ ಬಾಗಿಲು, ಅದರಿಂದ ಮುಂದಿನದು. ವಿದ್ಯುತ್ತಿನ ಪ್ರಮಾಣ ಬಲು ಸಣ್ಣದು: ಸುಮ್ಮನಿರುವ ನರದಲ್ಲಿ ಟಾರ್ಚಿನ ಸೆಲ್ಲಿನ ಇಪ್ಪತ್ತನೇ ಒಂದು ಭಾಗದಷ್ಟು. ರಕ್ತದಲ್ಲಿ ಸೋಡಿಯಂ ತೀರ ಇಳಿದ ವೃದ್ಧರು ತಬ್ಬಿಬ್ಬಾಗಿ ಏನೇನೋ ಮಾತನಾಡುವುದಿದೆ. ಅದು ಅರಳುಮರಳು ಎಂದು ನೀವೇ ತೀರ್ಮಾನಿಸಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.

ನರದಲ್ಲಿ ಸುದ್ದಿ ಎಷ್ಟು ವೇಗವಾಗಿ ಹೋಗುತ್ತದೆಂದು ಅಳೆಯುವುದೇ ಆಗದ ಮಾತು ಎಂದು ಹಿಂದೆ ದೊಡ್ಡ ದೊಡ್ಡ ಪಂಡಿತರೇ ನಂಬಿದ್ದರು. 1850ರ ಸುಮಾರಿಗೆ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರವನ್ನು ಸ್ನಾಯುವಿನ ಹತ್ತಿರ ಒಮ್ಮೆ, ದೂರದಲ್ಲಿ ಒಮ್ಮೆ ಕೆಣಕಿ, ಸ್ನಾಯು ಮಿಡಿಯಲು ಹಿಡಿದ ಕಾಲದ ವ್ಯತ್ಯಾಸವನ್ನು ಅಳೆದರು. ಸೆಕೆಂಡಿಗೆ 25ರಿಂದ 30 ಮೀಟರ್ ಸಿಕ್ಕಿತು. ಅಂದರೆ ನಮ್ಮ ಎಕ್ಸ್‌ಪ್ರೆಸ್ ರೈಲಿನ ವೇಗ ಅಷ್ಟೆ! ಮನುಷ್ಯನ ಅತಿ ವೇಗದ ನರಗಳಲ್ಲಿ ಅದು ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ಅಂಥ ನರಗಳ ಮೇಲೆ ವೈರಿನ ಪ್ಲಾಸ್ಟಿಕ್ಕಿನಂತೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ಹೊದಿಕೆಯ ನಡುನಡುವೆ ಸಂದುಗಳಿದ್ದು, ಸುದ್ದಿ ಸಂದಿನಿಂದ ಸಂದಿಗೆ ಹಾರುತ್ತ ಓಡುತ್ತದೆ. ಹೊದಿಕೆಯಿಲ್ಲದ ಸಣ್ಣ ನರಗಳಲ್ಲಿ ಸೆಕೆಂಡಿಗೆ ಒಂದೆರಡು ಮೀಟರ್ ಮಾತ್ರ, ನಾವು ನಡೆಯುವ ವೇಗ.

ಇದು ನಿಮಗೆಲ್ಲ ಅನುಭವವಿರುವ ವಿಷಯ. ಕತ್ತಲಲ್ಲಿ ಹೊಸ್ತಿಲಿಗೆ ಕಾಲ್ಬೆರಳು ಎಡವಿದಾಗ ಮೊದಲು ಚುರುಕ್ ಎಂದು ಒಂದು ನೋವು. ಒಂದು ಕ್ಷಣ ಬಿಟ್ಟು, "ಅಯ್ಯೋ" ಎಂದು ಕಾಲು ಹಿಡಿದು ಕೂರಿಸುವ ಇನ್ನೊಂದು ನೋವು. ಏಟು ಒಂದೇ, ಸುದ್ದಿ ಎರಡು ಗಾಡಿಗಳಲ್ಲಿ ಬರುತ್ತದೆ. ಎರಡನೆಯದು ಹೊದಿಕೆಯಿಲ್ಲದ ನರದ ನಿಧಾನದ ಗಾಡಿ.

ಒಂದು ನರಕೋಶ ಮುಗಿದು ಇನ್ನೊಂದು ಶುರುವಾಗುವಲ್ಲಿ ಸಣ್ಣ ಕಂದಕವಿದೆ. ಅದನ್ನು ದಾಟುವುದು ಹೇಗೆ? 1921ರಲ್ಲಿ ಆಸ್ಟ್ರಿಯಾದ ಆಟೊ ಲೋವಿ ಎಂಬವರಿಗೆ ಉತ್ತರ ಕನಸಿನಲ್ಲಿ ಹೊಳೆಯಿತಂತೆ. ಎದ್ದು ಚೀಟಿಯಲ್ಲಿ ಗೀಚಿಟ್ಟರು, ಬೆಳಗ್ಗೆ ನೋಡಿದರೆ ತಮ್ಮ ಬರಹ ತಮಗೇ ಓದಲಾಗಲಿಲ್ಲ! ಮರುರಾತ್ರಿ ಅದೇ ಕನಸು ಮತ್ತೆ ಬಂದಾಗ ನೇರ ಪ್ರಯೋಗಾಲಯಕ್ಕೆ ಓಡಿದರು. ಒಂದು ಕಪ್ಪೆಯ ಹೃದಯದ ನರವನ್ನು ಕೆಣಕಿ ಬಡಿತ ನಿಧಾನ ಮಾಡಿದರು. ಅದರ ಸುತ್ತಲಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರೆ ಅದೂ ನಿಧಾನವಾಯಿತು. ನರದ ತುದಿಯಿಂದ ಯಾವುದೋ ರಾಸಾಯನಿಕ ಹೊರಬರುತ್ತದೆ ಎಂಬುದು ಹೀಗೆ ತಿಳಿಯಿತು. 1936ರಲ್ಲಿ ಹೆನ್ರಿ ಡೇಲ್ ಅವರೊಂದಿಗೆ ಲೋವಿಗೆ ನೊಬೆಲ್ ಬಂತು.

ಎಲ್ಲ ಸುದ್ದಿಗೂ ಹೆಡ್ಡಾಫೀಸಿನ ಅಪ್ಪಣೆ ಕಾಯಬೇಕಿಲ್ಲ. ಕಾದ ಬಾಣಲೆಯ ಹಿಡಿ ಮುಟ್ಟಿದರೆ ಕೈ ತಾನಾಗಿ ಹಿಂದೆ ಬರುತ್ತದೆ. 'ಬಿಸಿ' ಎಂದು ಮೆದುಳಿಗೆ ಗೊತ್ತಾಗುವುದು ಆಮೇಲೆ. ಬೆನ್ನುಹುರಿಯೇ ಬ್ರಾಂಚ್ ಮ್ಯಾನೇಜರನಂತೆ ಸ್ಥಳದಲ್ಲೇ ತೀರ್ಮಾನ ಮಾಡಿ, ವರದಿಯನ್ನು ಮೇಲಕ್ಕೆ ಕಳಿಸುತ್ತದೆ. ಇದನ್ನೇ ಶಾಲೆಯ ಪುಸ್ತಕದಲ್ಲಿ ಪರಾವರ್ತಿತ ಪ್ರತಿಕ್ರಿಯೆ ಎನ್ನುತ್ತಾರೆ. ಆದರೆ ಸುದ್ದಿಯೇ ಹೊರಡದಿದ್ದರೆ ಬ್ರಾಂಚಿನವನಾದರೂ ಏನು ಮಾಡಿಯಾನು?

ಕ್ಯಾಷ್ ಕೌಂಟರಿನಲ್ಲಿ ಕೂತ ವರ್ಷಗಳಲ್ಲಿ ನನ್ನ ಬೆರಳಿಗೆ ನೋಟಿನ ಕಾಗದ ಚೆನ್ನಾಗಿ ಪರಿಚಯ. ಕಣ್ಣು ಗಿರಾಕಿಯ ಮೇಲಿದ್ದರೂ ಬೆರಳು 'ಇದು ಸರಿಯಿಲ್ಲ' ಎಂದು ಹೇಳುತ್ತಿತ್ತು. ಈಗಿನ 100 ರೂಪಾಯಿ ನೋಟಿನ ಮೇಲೆ ಉಬ್ಬಿದ ತ್ರಿಕೋನ, 500ರ ಮೇಲೆ ಉಬ್ಬಿದ ವೃತ್ತ ಇವೆ. ಅಂಚಿನಲ್ಲಿ 100ಕ್ಕೆ ನಾಲ್ಕು, 500ಕ್ಕೆ ಐದು ಉಬ್ಬುಗೆರೆಗಳು. ಕಣ್ಣು ಕಾಣದವರಿಗಾಗಿ ಮಾಡಿದ್ದು. ಹೊಸ ನೋಟು ಸಿಕ್ಕರೆ ಕಣ್ಣು ಮುಚ್ಚಿ ಸವರಿ ನೋಡಿ. ಬೆರಳ ತುದಿಯಲ್ಲಿ ಸ್ಪರ್ಶದ ನರಗಳು ಅಷ್ಟು ದಟ್ಟ. ಎರಡು ಬೆಂಕಿಕಡ್ಡಿಗಳ ಮದ್ದಿಲ್ಲದ ತುದಿಗಳನ್ನು ಎರಡು ಮೂರು ಮಿಲಿಮೀಟರ್ ಅಂತರದಲ್ಲಿ ಒತ್ತಿದರೂ ಬೆರಳ ತುದಿ 'ಎರಡು' ಎನ್ನುತ್ತದೆ. ಬೆನ್ನಿನ ಮೇಲಾದರೆ ಸುಮಾರು ನಾಲ್ಕು ಸೆಂಟಿಮೀಟರ್ ದೂರವಿಟ್ಟರೇ ಎರಡೆಂದು ತಿಳಿಯುವುದು.

ಈಗ ನನ್ನ ಕಾರಣ. ನನಗೆ ಹತ್ತೊಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆ ವೈದ್ಯರು ನನ್ನನ್ನು ಕಣ್ಣು ಮುಚ್ಚಿ ಮಲಗಿಸಿ, ನೈಲಾನಿನ ಗಟ್ಟಿ ಎಳೆಯೊಂದನ್ನು ಪಾದದ ಅಲ್ಲಲ್ಲಿ ಒತ್ತಿ "ಗೊತ್ತಾದಾಗ ಹೇಳಿ" ಎಂದರು. ನಾನು ಅವರು ಶುರು ಮಾಡಲೆಂದು ಕಾಯುತ್ತಿದ್ದೆ. ಅವರು ಆಗಲೇ ಮುಗಿಸಿದ್ದರು. ಶಾಲೆಯ ಪ್ರಯೋಗಾಲಯದಲ್ಲಿರುವಂಥ ಶ್ರುತಿಕವೆಯನ್ನು ತಟ್ಟಿ ಹೆಬ್ಬೆರಳ ಮೂಳೆಗೆ ಇಟ್ಟರು. ಅದರ ನಡುಕವೂ ತಿಳಿಯಲಿಲ್ಲ. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಿದ್ದರೆ ನರಗಳೂ, ಅವಕ್ಕೆ ಆಹಾರ ಒಯ್ಯುವ ಕೂದಲೆಳೆಯಂಥ ರಕ್ತನಾಳಗಳೂ ಸೊರಗುತ್ತವೆ. ಸೊಂಟದಿಂದ ಕಾಲ್ಬೆರಳ ತನಕ ಹೋಗುವ ನರದ ಎಳೆ ಸುಮಾರು ಒಂದು ಮೀಟರ್ ಉದ್ದ. ದೂರದ ಊರಿಗೆ ಮೊದಲು ಬಸ್ಸು ನಿಲ್ಲುವ ಹಾಗೆ, ಉದ್ದದ ನರಗಳು ಮೊದಲು ಕೆಡುತ್ತವೆ. ಕಾಲುಚೀಲ ಹಾಕಿಕೊಂಡಷ್ಟು ಜಾಗ ಮರಗಟ್ಟುತ್ತದೆ.

ನೋವಿಲ್ಲದಿರುವುದು ಸುಖವೆಂದು ನಿಮಗೆ ಅನ್ನಿಸಬಹುದು. ನೋವು ಮನೆ ಕಾಯುವ ಗೂರ್ಖಾ ಇದ್ದ ಹಾಗೆ; ಅವನ ಸೀಟಿ ನಿದ್ದೆ ಕೆಡಿಸುತ್ತದೆ ನಿಜ, ಆದರೆ ಅವನು ಊರಿಗೆ ಹೋದನೆಂದು ಖುಷಿಪಡುವವರುಂಟೆ? ಚಪ್ಪಲಿಯೊಳಗಿನ ಕಲ್ಲು ದಿನವಿಡೀ ಒತ್ತಿ ಹುಣ್ಣಾದರೂ ಗೊತ್ತಾಗದು. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಮಾಡಿ ಮನೆಗೆ ಬಂದ ಮೇಲೆ ಬೊಬ್ಬೆ ಕಾಣುವುದುಂಟು. ಅಂಥ ಹುಣ್ಣು ಕೀವಾಗಿ ಮೂಳೆಗಿಳಿದರೆ ಬೆರಳನ್ನೋ ಕಾಲನ್ನೋ ಕಳೆದುಕೊಳ್ಳಬೇಕಾಗುತ್ತದೆ.

ಬಿ12 ಜೀವಸತ್ವ ಕಡಿಮೆಯಾದರೂ ನರಗಳು ಸೊರಗುತ್ತವೆ. ಮಾಂಸ, ಮೊಟ್ಟೆ ಮುಟ್ಟದವರಿಗೆ, ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಿಗೆ ಇದು ಬರಬಹುದು. ನನ್ನ ವಯಸ್ಸಿನವರು ಮುಂದಿನ ಸಲ ವೈದ್ಯರ ಬಳಿ ಹೋದಾಗ ಇದನ್ನು ಕೇಳಿ. ಪಾದದ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ, ಐದು ನಿಮಿಷದ ಕೆಲಸ.

ಮನೆಯಲ್ಲಿ ನಾವು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಸ್ನಾನದ ಬಿಸಿನೀರನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡುತ್ತೇನೆ. ಚಪ್ಪಲಿ ಮೆಟ್ಟುವ ಮೊದಲು ಕೊಡವುತ್ತೇನೆ, ಒಳಗೆ ಕೈಯಾಡಿಸುತ್ತೇನೆ. ಮನೆಯೊಳಗೂ ಬರಿಗಾಲಿಲ್ಲ. ಅಂಗಾಲು ನೋಡಿಕೊಳ್ಳಲು ನನಗೆ ಬಗ್ಗಲಾಗುವುದಿಲ್ಲ, ಕಣ್ಣೂ ಮಂಜು. ಆ ಕೆಲಸ ಮೊಮ್ಮಗಳದು. ರಾತ್ರಿ ಊಟವಾದ ಮೇಲೆ ಟಾರ್ಚು ಹಿಡಿದು ಎರಡೂ ಅಂಗಾಲು, ಬೆರಳ ಸಂದು, ಹಿಮ್ಮಡಿಯ ಒಡಕು ನೋಡುತ್ತಾಳೆ. ನಾನೇ ಗೆರೆ ಎಳೆದು ಕೊಟ್ಟ ಪುಸ್ತಕದಲ್ಲಿ ತಾರೀಕು ಹಾಕಿ, ಎಡ, ಬಲ ಎಂದು ಎರಡು ಕಲಮುಗಳಲ್ಲಿ ಬರೆಯುತ್ತಾಳೆ. ಹೆಚ್ಚಿನ ದಿನ 'ಏನಿಲ್ಲ', 'ಏನಿಲ್ಲ'. ಹೋದ ತಿಂಗಳ ಒಂದು ಮಂಗಳವಾರದ ಎದುರು ಹೀಗಿದೆ: 'ಎಡಗಾಲು, ಹೆಬ್ಬೆರಳ ಕೆಳಗೆ ಸಣ್ಣ ಗಾಜಿನ ಚೂರು. ಅಮ್ಮ ತೆಗೆದು ಔಷಧಿ ಹಚ್ಚಿದಳು. ತಾತನಿಗೆ ಗೊತ್ತಿರಲಿಲ್ಲ.'