ಬಾಯಲ್ಲಿ ನೀರೂರುವುದೇಕೆ?

ಮಾವಿನಕಾಯಿಗೆ ಉಪ್ಪುಖಾರ ಹಚ್ಚುವುದನ್ನು ಕಂಡ ಮಾತ್ರಕ್ಕೆ ನಮ್ಮ ಬಾಯಲ್ಲಿ ನೀರೂರುವುದು. ಸಭೆಯಲ್ಲಿ ಮಾತನಾಡಲೆದ್ದು ಅಂಜಿದೆವಾದರೆ ನಾಲಗೆ ಒಣಗುವುದು. ಈ ಎರಡೂ ನಮ್ಮ ಇಚ್ಛೆಗೆ ಅಧೀನವಲ್ಲ. ನರಗಳ ಆಳ್ವಿಕೆಗೆ ಒಳಪಟ್ಟವು.

ಲಾಲಾರಸವನ್ನು ಒಸರಿಸುವ ದೊಡ್ಡ ಗ್ರಂಥಿಗಳು ನಮ್ಮಲ್ಲಿ ಮೂರು ಜೊತೆ ಉಂಟು. ಕಿವಿಯ ಮುಂದೆ, ಕೆನ್ನೆಯ ಹಿಂಬದಿಯಲ್ಲಿರುವ ಕರ್ಣಮೂಲಗ್ರಂಥಿಯೇ ಅವುಗಳಲ್ಲೆಲ್ಲ ದೊಡ್ಡದು. ಇದರ ನಾಳವು ಕೆನ್ನೆಯನ್ನು ಹಾದು, ಮೇಲ್ದವಡೆಯ ಎರಡನೆಯ ದವಡೆಹಲ್ಲಿನ ಎದುರಿಗೆ ಬಾಯೊಳಕ್ಕೆ ತೆರೆಯುವುದು. ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸೆನ್ ಎಂಬಾತನು 1660ರಲ್ಲಿ ಕುರಿಯ ತಲೆಯನ್ನು ಕೊಯ್ದು ಪರೀಕ್ಷಿಸುತ್ತಿದ್ದಾಗ ಈ ನಾಳವನ್ನು ಕಂಡನು. ಎರಡನೆಯ ಜೊತೆಯು ಕೆಳದವಡೆಯ ಒಳಮಗ್ಗುಲಲ್ಲಿಯೂ, ಎಲ್ಲಕ್ಕಿಂತ ಚಿಕ್ಕದಾದ ಮೂರನೆಯದು ನಾಲಗೆಯ ಕೆಳಗೂ ಇರುವುವು. ಇವುಗಳಿಂದ ದಿನವೊಂದಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರಿನವರೆಗೆ ರಸವು ಒಸರುವುದು.

ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ 9ನೆಯದು ಕರ್ಣಮೂಲಗ್ರಂಥಿಗೂ, 7ನೆಯದು ಉಳಿದೆರಡಕ್ಕೂ ಒಸರುವ ಆಜ್ಞೆಯನ್ನು ಒಯ್ಯುವುವು. ಭಯವುಂಟಾದಾಗ ಮಿದುಳು ಈ ಆಜ್ಞೆಯನ್ನು ತಡೆಹಿಡಿಯುವುದು. 7ನೆಯ ನರದ ಕವಲು ಕಿವಿಯ ತಮಟೆಯ ಹಿಂದೆ ಹಾದುಹೋಗುವುದಲ್ಲದೆ, ನಾಲಗೆಯ ಮುಂಭಾಗದ ರುಚಿಯನ್ನೂ ಮಿದುಳಿಗೆ ತಿಳಿಸುವುದು. ಆದಕಾರಣ ಬಹುಕಾಲ ಕಿವಿ ಸೋರುವವರಿಗೆ ರುಚಿ ಕೆಡುವುದುಂಟು.

ಇಲ್ಲೊಂದು ಸೋಜಿಗವಿದೆ. ಮುಖದ ಸ್ನಾಯುಗಳನ್ನಾಡಿಸುವ 7ನೆಯ ನರದ ಮುಖ್ಯ ಭಾಗವು ಕರ್ಣಮೂಲಗ್ರಂಥಿಯ ಒಳಗೇ ಹೊಕ್ಕು ಕವಲೊಡೆಯುವುದು. ಆದರೆ ಆ ಗ್ರಂಥಿಯನ್ನು ಒಸರಿಸುವ ಕೆಲಸ ಅದರದಲ್ಲ. ಪರರ ಮನೆಯ ನಡುವೆ ಹಾದುಹೋಗುವ ದಾರಿಹೋಕನಂತೆ ಅದು ಸಾಗುವುದು. ಈ ದಾರಿಯನ್ನರಿಯದವನು ಅಲ್ಲಿಯ ಗಂಟನ್ನು ಕೊಯ್ದನೆಂದರೆ, ಆ ಮಗ್ಗುಲಿನ ಕಣ್ಣು ಮುಚ್ಚದಾಗಬಹುದು, ಬಾಯಿ ಸೊಟ್ಟಗಾಗಬಹುದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಅರಿಕೆಯಿಷ್ಟೆ. ಮಂಗನಬಾವಿನಲ್ಲಿ ಊದುವುದು ಮುಖ್ಯವಾಗಿ ಈ ಗ್ರಂಥಿಯೇ. ಅದು ಅಂಟುರೋಗ, ಊತ ತೋರಿದಂದಿನಿಂದ 5 ದಿನ ಮಗುವನ್ನು ಇತರ ಮಕ್ಕಳಿಂದ ದೂರವಿರಿಸಬೇಕು. ಉಣ್ಣುವಾಗಲೆಲ್ಲ ದವಡೆಯ ಕೆಳಗೆ ಊದಿ ನೋಯುತ್ತಿದ್ದರೆ ನಾಳದಲ್ಲಿ ಕಲ್ಲು ಕಟ್ಟಿರಬಹುದು. ನೋವಿಲ್ಲದ ಗಂಟು ಬೆಳೆಯುತ್ತ, ಮುಖವೂ ಒಂದು ಕಡೆಗೆ ಜೋತಿತೆಂದರೆ, ಬರೆ ಹಾಕಿಸಿ ದಿನಗಳೆಯದೆ ಕೂಡಲೇ ಬಲ್ಲ ವೈದ್ಯರಿಗೆ ತೋರಿಸುವುದೇ ಲೇಸು.